ಸಾಫ್ಟ್ ಕಂಪ್ಯೂಟಿಂಗ್ ಸಾಹೇಬರ ಸನ್ನಿಧಿಗೆ

ಪೂಜ್ಯ ಸಾಫ್ಟ್ ಕಂಪ್ಯೂಟಿಂಗ್ ಸಾಹೇಬರೇ,

ಹುಮನಾಬಾದಿನಿಂದ ದಿನಾ ಬಸ್ಸಿನಲ್ಲಿ ನಿಂತು ಬಸವಕಲ್ಯಾಣಕ್ಕೆ ಓದಲು ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಯ ಶರಣು ಶರಣಾರ್ಥಿ. ಅರೆಸತ್ಯವನ್ನೂ ಅಂದಾಜನ್ನೂ ಸಹಿಸಿಕೊಳ್ಳುವ ದೊಡ್ಡ ಮನಸ್ಸು ತಮ್ಮದೆಂದು ಕೇಳಿ ಭಕ್ತನಾದವನು ನಾನು.

1965ರಲ್ಲಿ ಲಾಟ್ಫಿ ಜಾದೆಯವರು ಫಜ್ಜಿ, ಅಂದರೆ ಮಬ್ಬು ಅಂಚಿನ, ಗಣದ ಪ್ರಬಂಧ ಬರೆದು, ಒಂದು ವಸ್ತು ಗಣದೊಳಗೆ 0.3ರಷ್ಟೋ 0.7ರಷ್ಟೋ ಇರಬಹುದೆಂದು ಅಪ್ಪಣೆ ಕೊಡಿಸಿದರು. ಮಹದುಪಕಾರ. ಆದರೆ ಈ ವಿದ್ಯೆ ನಮ್ಮ ಕಡೆಯ ಅಡತಿ ಅಂಗಡಿಗೆ ಹೊಸದಲ್ಲ. ಅಪ್ಪ ತೊಗರಿ ಚೀಲ ಇಳಿಸಿದರೆ ದಲಾಲ ಒಂದು ಕಾಳು ಹಲ್ಲಿಗಿಟ್ಟು ಕಟುಕ್ ಅನ್ನಿಸಿ, ‘ಜರಾ ಹಸಿ ಅದರೀ ಕಾಕಾ’ ಎನ್ನುತ್ತಾನೆ. ಇದು ತಮ್ಮ ಫಜ್ಜಿಫಿಕೇಶನ್. ಜರಾ ಹಸಿ ಇದ್ದರೆ ಜರಾ ಕಡಿತ: ಇದು ನಿಯಮ. ಕೊನೆಗೆ ಚೀಟಿಯ ಮೇಲೆ ಕ್ವಿಂಟಲ್‌ಗೆ ಇಷ್ಟು ಕಿಲೋ ಎಂದು ಖಚಿತ ಅಂಕಿ ಬೀಳುತ್ತದಲ್ಲ, ಅದು ಡಿಫಜ್ಜಿಫಿಕೇಶನ್. ಮಬ್ಬು ಅಪ್ಪನ ಪಾಲಿಗೆ, ಅಂಕಿ ಅಂಗಡಿಯ ಪಾಲಿಗೆ. 1987ರಲ್ಲಿ ಜಪಾನಿನ ಸೆಂಡೈ ನಗರದ ಮೆಟ್ರೋ ರೈಲನ್ನು ತಾವು ಇದೇ ವಿದ್ಯೆಯಿಂದ ನಿಂತವರು ಜೋಲಿ ಹೊಡೆಯದಂತೆ ನಿಲ್ಲಿಸಿದಿರಂತೆ. ನಮ್ಮ ಬಸ್ಸಿಗೂ ಅಷ್ಟು ಮಾಡಿ ಎನ್ನುವ ದುರಾಸೆ ನನಗಿಲ್ಲ.

ತಮ್ಮ ನ್ಯೂರಲ್ ನೆಟ್‌ವರ್ಕಿನ ಭಾಗ್ಯ ಕಂಡು ಕಣ್ತುಂಬಿ ಬರುತ್ತದೆ. ಅದು ಸಾವಿರ ಸಲ ತಪ್ಪಿದರೂ ಯಾರೂ ಗದರುವುದಿಲ್ಲ. ತಪ್ಪನ್ನು ಹಿಂದಕ್ಕೆ ಕಳಿಸಿ, ತೂಕಗಳನ್ನು ಕೂದಲೆಳೆಯಷ್ಟು ತಿದ್ದಿ, ಮತ್ತೆ ಕೇಳುತ್ತೀರಿ. ಉತ್ತರಕ್ಕೆ ಕಾರಣ ಕೇಳಿದರೆ ಅದು ಬಾಯಿ ಬಿಡುವುದಿಲ್ಲ, ಆದರೂ ಜಾಣ. ವೈವಾದಲ್ಲಿ ನಾನು ಬಾಯಿ ಬಿಡದಿದ್ದರೆ ಸೊನ್ನೆ.

ಇನ್ನು ಜಾನ್ ಹಾಲೆಂಡ್ 1975ರಲ್ಲಿ ಪುಸ್ತಕ ಮಾಡಿಕೊಟ್ಟ ಜೆನೆಟಿಕ್ ಅಲ್ಗಾರಿದಮ್. 0ಯಿಂದ 31ರೊಳಗೆ ಯಾವ ಸಂಖ್ಯೆಯ ವರ್ಗ ದೊಡ್ಡದು? ಕುರಿ ಕಾಯುವ ಹುಡುಗನೂ 31 ಎಂದಾನು. ತಾವು ಮಾತ್ರ 13, 24, 8, 19 ಎಂಬ ನಾಲ್ವರನ್ನು ಸೊನ್ನೆ-ಒಂದುಗಳಲ್ಲಿ ಬರೆಸಿ, ಬಲಿಷ್ಠರನ್ನು ಆರಿಸಿ, ಬಾಲ ಅದಲುಬದಲು ಮಾಡಿಸುತ್ತೀರಿ. ಎರಡು ಪುಟ ತುಂಬಿದ ಮೇಲೆ ಹುಟ್ಟುವ ಕುಲತಿಲಕ 27! ದಾರಿ ಗೊತ್ತಿಲ್ಲದ ದೊಡ್ಡ ಲೆಕ್ಕಗಳಲ್ಲಿ ತಾವು ಸಮರ್ಥರೆಂಬುದು ನಿಜ, ಒಪ್ಪಿದೆ. ಆದರೆ 27 ಎಂದು ಮೇಷ್ಟ್ರ ಪುಸ್ತಕದಲ್ಲಿದ್ದರೆ ನಾನು 25 ಬರೆಯುವಂತಿಲ್ಲ. ಅಂದಾಜಿನ ಶಾಸ್ತ್ರದ ಪರೀಕ್ಷೆಯಲ್ಲಿ ಅಂದಾಜಿಗೆ ಅಂಕವಿಲ್ಲ.

ಆದ್ದರಿಂದ ಎರಡು ಅರಿಕೆ. 34 ಅಂಕ ಪಡೆದವನು ‘ಪಾಸಾದವರು’ ಎಂಬ ಗಣದಲ್ಲಿ 0.97ರಷ್ಟಾದರೂ ಇದ್ದಾನೆಂದು ವಿಶ್ವವಿದ್ಯಾಲಯಕ್ಕೆ ತಿಳಿಸಿ. ಹಾಗೆಯೇ ಅಡತಿ ಅಂಗಡಿಗೆ ತಾವು ದಯಮಾಡಿಸುವುದಾದರೆ ಕೈಯಲ್ಲೊಂದು ತೇವ ಅಳೆಯುವ ಮಷೀನು ಹಿಡಿದು ಬನ್ನಿ. ಅಳೆಯಲು ಬರುವಲ್ಲಿ ಹಲ್ಲು ಯಾಕ ಬೇಕ್ರೀ?

ತಮ್ಮ ವಿಧೇಯ (ಸದಸ್ಯತ್ವ 0.4)