180 ಗ್ರಾಮಿನ ಭಾವ

ನಮ್ಮ ಭಾವನ ಮನೆಗೆ ಹೋದರೆ ಕಾಲು ತೊಳೆಯದಿದ್ದರೂ ನಡೆಯುತ್ತದೆ, ಕೈ ತೊಳೆಯಲೇಬೇಕು. ಆಮೇಲೆ ರೆಕಾರ್ಡು ತೋರಿಸುತ್ತಾನೆ. ತೋರಿಸುವುದಷ್ಟೇ, ಕೇಳಿಸುವುದಿಲ್ಲ.

ಬ್ಯಾಂಕಿನಿಂದ ನಿವೃತ್ತನಾಗಿ ಹೊನ್ನಾವರದ ತೋಟದ ಮನೆ ಸೇರಿದವನು. ಕೊಳೆರೋಗಕ್ಕೆ ಔಷಧಿ ಹೊಡೆಸುವುದನ್ನು ಮರೆತಾನು, ಅಮೆರಿಕದ ಯಾವ ಜಾಜ್ ಟ್ರಂಪೆಟ್ಟಿನ ಎಲ್‌ಪಿ ಮತ್ತೆ ಅಚ್ಚಾಗಿದೆ ಎಂಬುದನ್ನು ಮರೆಯಲಾರ. "ಹಳೇದೋ ಹೊಸದೋ?" ಎಂದು ಆಯಿ ಕೇಳಿದರೆ "ಹಳೇದರ ಹೊಸದು" ಎನ್ನುತ್ತಾನೆ. ಹಳೇ ಅಪ್ಪೆಮಿಡಿಗೆ ಹೊಸ ಭರಣಿ ಎಂದು ಆಯಿ ಅರ್ಥ ಮಾಡಿಕೊಂಡಿದ್ದಾಳೆ. ಇದಕ್ಕಿಂತ ಸರಿಯಾದ ವ್ಯಾಖ್ಯಾನ ನಾನೂ ಕೇಳಿಲ್ಲ.

ಮಾಲು ಬರುವುದು ಭಟ್ಕಳದ ಗೆಳೆಯರೊಬ್ಬರ ಸೂಟ್‌ಕೇಸಿನಲ್ಲಿ, ದುಬೈಯಿಂದ, ಖರ್ಜೂರ ಅತ್ತರುಗಳ ನಡುವೆ. ಭಾವ ಅದನ್ನು ಚೌತಿಯ ಗಣಪತಿಯಂತೆ ಎದೆಗವಚಿಕೊಂಡು ಬಸ್ಸಿನಲ್ಲಿ ತರುತ್ತಾನೆ. ಪಕ್ಕದ ಸೀಟಿನವರು ಏನೆಂದು ಕೇಳಿದರೆ ಮುಗಿಯಿತು. ಜಾಜ್ ಪರದೇಶದ್ದಲ್ಲ, ಇಲ್ಲೇ ಗೋವೆಯ ಅಲ್ಡೋನಾದ ಚಿಕ್ ಚಾಕೊಲೇಟ್ ಮುಂಬಯಿಯಲ್ಲಿ ಟ್ರಂಪೆಟ್ ಊದುತ್ತಿದ್ದ, 1951ರ 'ಅಲ್ಬೇಲಾ' ಸಿನೆಮಾದಲ್ಲೂ ಇದ್ದಾನೆ ಎಂದು ಶುರುವಾಗುತ್ತದೆ. "ಅದು ಪೆಪ್ಪರ್‌ಮೆಂಟಿನ ಹೆಸರಲ್ವೋ?" ಎಂದು ಕೇಳಿದವರಿಗೆ ಇಳಿಯುವ ಸ್ಟಾಪ್ ತಪ್ಪಿದ್ದುಂಟು.

ಅವನ ಪಟ್ಟದ ದೇವರು ಮೈಲ್ಸ್ ಡೇವಿಸನ 1959ರ 'ಕೈಂಡ್ ಆಫ್ ಬ್ಲೂ'. ಮೊದಲ ದಿನ ಧ್ವನಿಮುದ್ರಿಸಿದ ಯಂತ್ರ ತುಸು ನಿಧಾನ ಓಡಿತ್ತು. ಹಾಗಾಗಿ ರೆಕಾರ್ಡಿನ ಒಂದನೇ ಮಗ್ಗುಲು ಲೋಕಕ್ಕೆಲ್ಲ ಶ್ರುತಿ ಚೂರು ಏರಿಯೇ ಕೇಳಿಸಿತು. ತಪ್ಪು ತಿದ್ದಿದ್ದು 1992ರಲ್ಲಿ. ನಿಮಿಷಕ್ಕೆ 33 ಚಿಲ್ಲರೆ ಸುತ್ತು ತಿರುಗುವ ತಟ್ಟೆಗೆ 33 ವರ್ಷದ ತಪ್ಪು! ಭಾವ ತಿದ್ದಿದ್ದನ್ನು ಕೊಂಡ. ಆಮೇಲೆ, ಮೂಲದಲ್ಲಿ ಇದ್ದ ತಪ್ಪು ತನ್ನಲ್ಲಿಲ್ಲವಲ್ಲ ಎಂದು ನಿದ್ದೆಗೆಟ್ಟು ತಪ್ಪಿದ್ದನ್ನೂ ಕೊಂಡ. ಎರಡನ್ನೂ ಹಾಕಿ ನೋಡಿದೆಯಾ ಎಂದರೆ, "ಸೂಜಿ ತಾಗಿದರೆ ಸವೆಯುವುದಿಲ್ಲವೇನೋ!"

ಹೊಸ ಅಚ್ಚಿನ ಹೆಗ್ಗಳಿಕೆ ತೂಕ: 180 ಗ್ರಾಂ. ಕಂಪನಿಯವರ ಮಾತು ನಂಬದ ಭಾವ ಒಂದು ದಿನ ಕುಮಟೆಯ ಅಡಿಕೆ ಅಂಗಡಿಗೆ ಹೋದ. ಹೊಸ ಬ್ಲೇಡಿನಿಂದ ಪ್ಲಾಸ್ಟಿಕ್ ಸೀಳಿ, ಉಸಿರು ಬಿಗಿಹಿಡಿದು ತಟ್ಟೆಯನ್ನು ತಕ್ಕಡಿಗೆ ಇಳಿಸಿದ. 176. ಭಾವನ ಮುಖ ಬಾಡಿತು. ಅಂಗಡಿಯವರು ಸಮಾಧಾನ ಹೇಳಿದರು: "ಎಂತಕ್ಕೆ ಬೇಜಾರು ಭಟ್ರೆ? ನಾಲ್ಕು ಗ್ರಾಂ ಒಣಗಿರ್ಬೇಕು. ಅಡಿಕೆಗೂ ಹಾಗೇ ಆಗುದು."

ಒಣಗುವುದಂತೆ! ನಮ್ಮ ಕರಾವಳಿಯಲ್ಲಿ ಮಳೆಗಾಲ ಬಂದರೆ ಚಪ್ಪಲಿಗೂ ಬೂಸಲು, ಜನಿವಾರಕ್ಕೂ ಬೂಸಲು. ಭಾವ ಕಪಾಟಿನೊಳಗೆ ಬಲ್ಬು ಉರಿಸಿಟ್ಟು, ಕರೆಂಟು ಹೋದಾಗೆಲ್ಲ ಬಾಣಂತಿ ಕೋಣೆಯ ಹೊರಗೆ ನಿಂತ ಗಂಡನಂತೆ ಚಡಪಡಿಸುತ್ತಾನೆ. ಇದನ್ನೆಲ್ಲ ನೋಡಿದ ಆಯಿಗೆ ಕರುಣೆ ಬಂತು. ಕಳೆದ ಮೇ ತಿಂಗಳಲ್ಲಿ ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ ಹರಡಿದವಳು, ಅಂಚಿನಲ್ಲಿ ಜಾಗ ಉಳಿದಿತ್ತೆಂದು, ಆ ಕುಮಟೆಯಲ್ಲಿ ತೂಗಿದ ತಟ್ಟೆಯನ್ನೂ ಇಟ್ಟಳು. ಭಾವ ಪೇಟೆಯಿಂದ ಬರುವಷ್ಟರಲ್ಲಿ ಅದೂ ಹಪ್ಪಳಗಳ ಹಾಗೇ ಅಂಚೆತ್ತಿ ಕೂತಿತ್ತು.

"ಥಂಡಿ ಹಿಡದಿತ್ತು, ಒಣಗ್ಲಿ ಹೇಳಿ ಹಾಕಿದ್ದಿ ತಮಾ," ಎಂದಳು ಆಯಿ.

ಭಾವ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ, ಇನ್ನು ಇದರ ಮರ್ಯಾದೆ ಹೇಗೂ ಹೋಯಿತೆಂದು, ಪ್ಲೇಯರಿನ ಮೇಲಿನ ಬಟ್ಟೆ ತೆಗೆದು ಸೂಜಿ ಇಳಿಸಿದ. ಸೂಜಿ ದಿಬ್ಬ ಹತ್ತಿ ಇಳಿಯುತ್ತಿತ್ತು, ಟ್ರಂಪೆಟ್ಟು ಅದರ ಜೊತೆ ತೂಗುತ್ತಿತ್ತು. ಭಾವ ಕಣ್ಣು ಮುಚ್ಚಿದ. ಒಂದು ಮಗ್ಗುಲು ಮುಗಿಯಿತು, ತಿರುಗಿಸಿ ಹಾಕಿದ. ಹಪ್ಪಳದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಆಯಿ ಸ್ವಲ್ಪ ಹೊತ್ತು ಕೇಳಿ ಹೇಳಿದಳು:

"ಪಾಪ, ದೋಣೀಲಿ ಕೂತ್ಕಂಡು ಊದ್ತಾ ಇದ್ದ ಕಾಣ್ತು."