ಗೌಂಡಿ ಬರುವ ತನಕ

ಸೊಲ್ಲಾಪುರದಲ್ಲಿ ಅಂಗಳಕ್ಕೊಂದು ತಾವರೆ ಹೊಂಡ ಇಟ್ಟುಕೊಂಡವರ ಪಾಡು ಕೇಳಬೇಡಿ. ಅದರ ಇಟ್ಟಿಗೆ ಕಟ್ಟೆಯ ಗಾರೆ ಉದುರತೊಡಗಿದರೆ ಗೌಂಡಿಯೇ ಬರಬೇಕು. ಅಕ್ಕಲಕೋಟೆಗೆ ಹೋಗಿ ಸಾಲಿನಲ್ಲಿ ನಿಂತರೆ ಸ್ವಾಮಿ ಸಮರ್ಥರ ದರ್ಶನವಾದರೂ ಆದೀತು, ಗೌಂಡಿಯದು ಮಾತ್ರ ಸದಾ "ನಾಳೆ ಬರ್ತೀನ್ರೀ!"

ಬಂದವನ ಕೈಯಲ್ಲಿ ಸಿಮೆಂಟು. ಹಳೇ ಸುಣ್ಣದ ಗಚ್ಚಿನ ಮೇಲೆ ಅದನ್ನು ಮೆತ್ತಿದರೆ ಪಸೆ ಒಳಗೇ ಸಿಕ್ಕಿಕೊಂಡು ಇಟ್ಟಿಗೆಯನ್ನೇ ತಿನ್ನುತ್ತದೆ. ಉದುರುವ ಗಾರೆ ಕೆರೆದು, ಸಂದಿ ತೊಯ್ಸಿ, ಸುಣ್ಣ-ಮರಳು ಒತ್ತಿ ತುಂಬಿ, ಹಸಿ ಗೋಣಿತಾಟು ಹೊದಿಸಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಮನೆಯವರಿಗಿಲ್ಲದ ತಂಪು ಕಟ್ಟೆಗೆ!

12ನೇ ಶತಮಾನದಲ್ಲಿ ಇಲ್ಲೇ ಕೆರೆ ಕಟ್ಟಿಸಿದ ಸಿದ್ಧರಾಮರನ್ನು ಅಲ್ಲಮಪ್ರಭು ಕಲ್ಲು-ಮಣ್ಣಿನ ಕೆಲಸಕ್ಕಾಗಿ ಹಂಗಿಸಿದರಂತೆ. ನಮ್ಮ ಗೌಂಡಿಯನ್ನು ಹಂಗಿಸಿ ನೋಡಿ! ಚಹಾ ತಡವಾದರೇ ಕರಣೆ ಕೆಳಗಿಡುತ್ತಾನೆ. "ಸುಣ್ಣ ಯಾಕ್ರೀ ಸಾಹೇಬ್ರ? ಸಿಮೆಂಟ್ ಹಾಕಿದ್ರ ಮುಂದಿನ ವರ್ಷ ಮತ್ತ ನನ್ನೇ ಕರೀತೀರಿ."