ಮೂವತ್ತೇಳೂವರೆ ಗಂಟೆಯ ಶನಿವಾರ

ನಮ್ಮ ಸಿಂಧಘಟ್ಟದಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಕೆರೆ ಏರಿ ಆಚೆಯ ಗದ್ದೆ ಒಂದು ಕೂಗಳತೆ. ಲಕ್ಷ್ಮೀನಾರಾಯಣನ ಗುಡಿ ಒಂದು ಬೀಡಿ ಸೇದಿ ಮುಗಿಸುವಷ್ಟು. ಕೆ.ಆರ್. ಪೇಟೆ, ಬಸ್ಸು ಬಂದರೆ ಹತ್ತಿರ, ಬಾರದಿದ್ದರೆ ದೂರ.

ಅಂಥ ಊರಿನ ನಮ್ಮವ್ವ ಒಂದು ಚಳಿಗಾಲದಲ್ಲಿ ತಮ್ಮನ ಮನೆಗೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಳು. "ಎಷ್ಟು ದೂರ ಆಯ್ತದ್ಲಾ?" ಎಂದಳು. ಸುಮಾರು 14,000 ಕಿಲೋಮೀಟರು, ಹದಿನಾರು ಹದಿನೇಳು ಗಂಟೆ ಎಂದೆ. "ಎಷ್ಟು ಕಡೆ ಇಳಿದು ಹತ್ತಬೇಕು?" ಎಲ್ಲೂ ಇಲ್ಲ. ಬೆಂಗಳೂರಿಂದ ಅಲ್ಲಿಗೆ ಏರ್ ಇಂಡಿಯಾ 2021ರ ಜನವರಿಯಲ್ಲಿ ನೇರ ವಿಮಾನ ಶುರುಮಾಡಿತ್ತು. ಅವ್ವನಿಗೆ ಸಮಾಧಾನ. ನಡುವೆ ಇಳಿಯದಿದ್ದರೆ ಹುರಳಿಕಾಳಿನ ಗಂಟೂ ಕಳೆಯುವುದಿಲ್ಲ.

ಮಗಳ ಗ್ಲೋಬಿನ ಮೇಲೆ ದಾರ ಬಿಗಿದು ತೋರಿಸಿದೆ. ದಾರ ಮೂಡಲಿಗೂ ಹೋಗದೆ ಪಡುವಲಿಗೂ ಹೋಗದೆ ಉತ್ತರ ಧ್ರುವದ ಕಡೆ ಏರಿತು. ಅವ್ವನ ಮುಖ ಗಂಟಾಯಿತು. ಉತ್ತರಕ್ಕೆ ತಲೆ ಹಾಕಿ ಮಲಗದ ಹೆಂಗಸು! ಸೀಟು ಒರಗಿಸಿದರೆ ತಲೆ ದಕ್ಷಿಣಕ್ಕೇ ಬೀಳುತ್ತದೆ ಎಂದು ಸಂತೈಸಿದೆ. ಧ್ರುವ ದಾಟಿದ ಮೇಲೆ ಅದು ತಿರುಗಾಮುರುಗಾ ಆಗುವುದನ್ನು ಬಾಯಿಬಿಡಲಿಲ್ಲ. ಆ ಮೊದಲ ವಿಮಾನವನ್ನು ಅಲ್ಲಿಂದ ಧ್ರುವದ ಮೇಲೆ ಹಾರಿಸಿಕೊಂಡು ಬಂದವರು ಹೆಂಗಸರೇ, ಆದರೆ ಇಲ್ಲಿಂದ ಹೋಗುವಾಗ ಬೆನ್ನಿಗೆ ಗಾಳಿ ಸಿಗಲೆಂದು ಪೆಸಿಫಿಕ್ ಸಾಗರದ ಮೇಲೆ ಹೋಗುವುದೂ ಉಂಟು ಎಂದೆ. "ಗಾಳಿ ಬಂದಾಗ ತೂರ್ಕೊಳ್ಳಾದು ನಂಗೇ ಹೇಳ್ಕೊಡ್ತೀಯಾ?" ಎಂದಳು, ಅರವತ್ತು ವರ್ಷ ರಾಗಿ ತೂರಿದವಳು.

ನಿಜವಾದ ಪ್ರಯಾಣ ದೇವನಹಳ್ಳಿಯವರೆಗಿನದು. ನಾಗಮಂಗಲ, ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲ. ಇನ್ನೂರು ಕಿಲೋಮೀಟರು ತುಂಬದ ದಾರಿಗೆ ನಮಗೆ ಆರು ಗಂಟೆ ಹಿಡಿಯಿತು. ಅದರ ಮೂರರಷ್ಟು ಹೊತ್ತೂ ಬೇಡ, ವಿಮಾನ ಭೂಮಿಯ ಮೂರನೇ ಒಂದು ಪಾಲು ಸುತ್ತಿಬಿಡುತ್ತದೆ. ಅದಕ್ಕೆ ನೆಲಮಂಗಲದ ಸಿಗ್ನಲ್ ಇಲ್ಲವಲ್ಲ.

ಅಂದು ಶನಿವಾರ. ಅವ್ವನದು ಒಪ್ಪೊತ್ತು. ಏರ್‌ಪೋರ್ಟಿನ ಬಾಗಿಲಲ್ಲೇ ಬುತ್ತಿ ಬಿಚ್ಚಿ, ಆ ದಿನದ ಊಟ ಮುಗಿಯಿತು ಎಂದು ಕೈ ತೊಳೆದು ಒಳಗೆ ಹೋದಳು. ಲೆಕ್ಕ ತಪ್ಪಿದ್ದು ಇಲ್ಲೇ. ಅಲ್ಲಿಯ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಧ್ಯಾಹ್ನ ಹಾರಿದ ಅವ್ವ ಹದಿನಾರು ಗಂಟೆ ಕೂತು ಇಳಿದರೆ, ಅಲ್ಲಿ ಅದೇ ಶನಿವಾರದ ಸಂಜೆ! ಎಲ್ಲರಿಗೂ ಇಪ್ಪತ್ನಾಲ್ಕು ಗಂಟೆಯ ದಿನ ಅವಳಿಗೆ ಮೂವತ್ತೇಳೂವರೆ ಗಂಟೆಯದಾಗಿತ್ತು.

ಡೇರಿಗೆ ಹಾಲು ಹಾಕಿ ಕ್ಯಾನು ಹಿಡಿದು ಬರುತ್ತಿದ್ದೆ, ಫೋನು ಬಂತು. ಏರಿಯಾಚೆಯಿಂದ ಕರೆದಂತೆ ಕೂಗಿದಳು: "ಊರಲ್ಲಿ ಇವತ್ತು ಯಾವ ವಾರ್ಲಾ?"

"ಭಾನುವಾರ ಕಣವ್ವ."

"ನೋಡ್ದಾ, ಅಲ್ಲಿ ಭಾನುವಾರ ಆಗದಂತೆ," ಎಂದು ಯಾರಿಗೋ ಹೇಳಿದಳು. "ಹಾಕು ಮುದ್ದೆಯ."